ಕಾರ್ಯದರ್ಶಿಗಳ ಭಾಷಣವೂ ಧನಪಾಲನ ಊಟವೂ

ತೇರದಾಳ
ಸಂಕ್ರಾಂತಿ ಕಳೆದ ವಾರ, ೧೯೩೯

ನಾಲ್ಕೂರ ಬುಟ್ಟಿಚೆಂಡು ಪಂದ್ಯಾವಳಿ ಸಮಿತಿಯ ಕಾರ್ಯದರ್ಶಿಗಳೂ, ಮಹಾ ವಾಗ್ಮಿಗಳೂ, ವಿಜೇತರ ಬೆಳ್ಳಿ ಬಟ್ಟಲಿನ ಸದ್ಯದ ಪಾಲಕರೂ ಆದ ಜಮಖಂಡಿಯ ಶ್ರೀಮಾನ್ ಸದಾಶಿವರಾಯರ ಸನ್ನಿಧಿಗೆ, ತೇರದಾಳದ ಅರಿಶಿನ ವ್ಯಾಪಾರಿ ಆದಪ್ಪನು ಅಂಗಡಿಯ ಗಾದಿಯಿಂದ ಎದ್ದು ನಿಂತು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಗಂಟಲೂ ಕ್ಷೇಮವಾಗಿರಲೆಂದು ಪ್ರತ್ಯೇಕವಾಗಿ ಹಾರೈಸುತ್ತೇನೆ, ಏಕೆಂದರೆ ಅದು ತಮ್ಮೊಬ್ಬರ ಸೊತ್ತಲ್ಲ, ನಾಲ್ಕೂ ಊರಿನ ಜನ ಬಿಸಿಲಲ್ಲಿ ನಿಂತು ಕಾಪಾಡಿಕೊಂಡು ಬಂದ ಸೊತ್ತು. ಹೋದ ವಾರದ ಪತ್ರಿಕೆಯಲ್ಲಿ ತಾವು ಹೊರಡಿಸಿದ ಹೇಳಿಕೆಯನ್ನು ನನ್ನ ಅಂಗಡಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿಸಿ ಎಲ್ಲರೂ ಕೇಳಿದೆವು. ತೇರದಾಳದ ತಂಡವು ಊಟದ ನೆಪದಿಂದ ಅಂತಿಮ ಪಂದ್ಯವನ್ನು ಕೆಡಿಸಿತೆಂದೂ, ಆದಕಾರಣ ಬೆಳ್ಳಿ ಬಟ್ಟಲನ್ನು ಯಾರಿಗೂ ಕೊಡದೆ ಕಾರ್ಯದರ್ಶಿಗಳ ಮನೆಯಲ್ಲಿಯೇ ಇರಿಸಲಾಗಿದೆಯೆಂದೂ ತಾವು ಬರೆದಿದ್ದೀರಿ. ಆಡಿದವರು ಎರಡು ಊರಿನವರಾದರೂ ಗೆದ್ದವರು ಆಡದೇ ಇದ್ದ ತಾವೊಬ್ಬರೇ ಎಂಬ ಸುದ್ದಿ ತಿಳಿದು ನಮಗೆಲ್ಲ ಬಹಳ ಸಂತೋಷವಾಯಿತು. ಇಂಥ ಗೆಲುವು ಬೇರೆ ಯಾವ ಸೀಮೆಯಲ್ಲೂ ನಡೆದ ನೆನಪು ಯಾರಿಗೂ ಇಲ್ಲ.

ಆದರೆ ಪತ್ರಿಕೆ ಓದುವವರೆಲ್ಲ ಅಂದು ಮೈದಾನದಲ್ಲಿ ಇರಲಿಲ್ಲವಾದ್ದರಿಂದ, ತಮ್ಮ ಕೀರ್ತಿ ಅರ್ಧಕ್ಕೇ ನಿಲ್ಲಬಾರದೆಂಬ ಕಾಳಜಿಯಿಂದ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಈ ಆಟ ನಮ್ಮ ಕಡೆಗೆ ಬಂದು ಬಹಳ ವರ್ಷಗಳಾಗಿಲ್ಲ. ಮದ್ರಾಸಿನಲ್ಲಿ ಕಲಿತು ಬಂದ ಡ್ರಿಲ್ ಮಾಸ್ತರರೊಬ್ಬರು ಎದುರುಬದುರಾಗಿ ಎರಡು ಕಂಬ ನೆಡಿಸಿ, ತುದಿಗೆ ಕಬ್ಬಿಣದ ಬಳೆ ಕೂಡಿಸಿ, ಅದರೊಳಗೆ ಚೆಂಡು ತೂರಿಸುವುದೇ ಆಟವೆಂದಾಗ ನಮ್ಮ ಹಿರಿಯರು ನಕ್ಕರು. ಈಗ ಅದೇ ಹಿರಿಯರು ಸಂತೆಗೆ ಬಂದರೆ ಅರಿಶಿನದ ಧಾರಣೆ ಕೇಳುವ ಮೊದಲು ನಮ್ಮ ತಂಡದ ಗತಿಯೇನೆಂದು ಕೇಳುತ್ತಾರೆ. ಡಿಸೆಂಬರಿನಲ್ಲಿ ತಾವು ಪಂದ್ಯಾವಳಿಯ ಪ್ರಕಟಣೆ ಹೊರಡಿಸಿದ ದಿನದಿಂದ ನನ್ನ ಕಟ್ಟೆಯ ಮೇಲೆ ವ್ಯಾಪಾರ ನಿಂತು ವಾದ ಶುರುವಾಯಿತು. ಮುಂಜಾನೆ ಉಪಾಂತ್ಯ, ಸಂಜೆ ನಾಲ್ಕಕ್ಕೆ ಅಂತಿಮ. ಉಪಾಂತ್ಯದಲ್ಲಿ ನಮಗೆ ಬನಹಟ್ಟಿ, ಅದನ್ನು ದಾಟಿದರೆ, ಜಮಖಂಡಿಯನ್ನು ಸೋಲಿಸಿಯೇ ಬರುವರೆಂದು ಎಲ್ಲರೂ ನಂಬಿದ್ದ ಮುಧೋಳ.

ಕನ್ನಡ ಸಾಲೆಯ ಕೃಷ್ಣಾಜಿ ಮಾಸ್ತರರು ನಮ್ಮ ತಂಡದ ಮೇಲೆ ಪ್ರಾಣ ಇಟ್ಟವರು, ಆದರೆ ಅದು ಗೆಲ್ಲುತ್ತದೆಂದು ಒಮ್ಮೆಯೂ ಒಪ್ಪಿದವರಲ್ಲ.

"ಮುಧೋಳದವರು ಎತ್ತರ ಇದ್ದಾರ್ರಿ. ನಮ್ಮವರು ಜಿಗದ್ರ ಅವರ ಹೆಗಲಿಗೆ ಬರ್ತಾರ. ಸುಮ್ಮನ ಬಟ್ಟಲದ ಆಸೆ ಬಿಡ್ರಿ," ಎಂದು ಅವರು.

"ಅವರ ಎತ್ತರ ಅವರ ಹಂತೇಕ ಇರಲಿ ಮಾಸ್ತರ. ಧನಪಾಲ ಅಷ್ಟು ದೂರ ನಿಂತು ಒಗದ್ರ ಚೆಂಡು ತಾನ ಬಳಿ ಹುಡುಕ್ಕೋಂತ ಹೋಗತೈತಿ," ಎಂದು ನಾನು.

ಧನಪಾಲನೆಂದರೆ ಯಾರೆಂದು ತಾವು ಹೇಳಿಕೆಯಲ್ಲಿ ಬರೆಯಲಿಲ್ಲ, 'ಒಬ್ಬ ಆಟಗಾರ' ಎಂದಷ್ಟೇ ಬರೆದಿರಿ. ಅವನು ನಮ್ಮ ಓಣಿಯ ಬಾಳವ್ವನ ಒಬ್ಬನೇ ಮಗ. ತಂದೆ ಹೋದ ಮೇಲೆ ಹೊಳೆದಂಡೆಯ ಹೊಲ ನೋಡಿಕೊಂಡಿದ್ದಾನೆ. ಜೋಳದ ತೆನೆ ಬಂದಾಗ ಉಳಿದವರು ಕವಣೆಯಲ್ಲಿ ಹಕ್ಕಿಗೆ ಗುರಿಯಿಟ್ಟು ಕಲ್ಲು ಬೀಸುತ್ತಾರೆ. ಇವನು ಹೊಲ ಕಾಯುವ ಅಟ್ಟದ ಮೇಲೆ ನಿಂತು, ಹಕ್ಕಿ ಹಾರಿ ಹೋಗಬೇಕು ಆದರೆ ಪೆಟ್ಟು ತಾಗಬಾರದು ಎಂದು ಗುರಿಯಿಟ್ಟು ಬೀಸುತ್ತ ಬೆಳೆದವನು. ತಪ್ಪಿಸಲು ಅಷ್ಟು ಗುರಿ ಬೇಕಾದ ಮೇಲೆ ಬಳೆಯೊಳಗೆ ಹಾಕುವುದು ಅವನಿಗೆ ಕಷ್ಟವಾಗಲಿಲ್ಲ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಬಾಳವ್ವನ ಮನೆಯಲ್ಲಂತೂ ಹೊತ್ತು ಮುಳುಗಿದರೆ ಮರುದಿನ ಹೊತ್ತು ಹುಟ್ಟುವವರೆಗೆ ನೀರನ್ನೂ ಮುಟ್ಟುವುದಿಲ್ಲ, ಹೊರಗಿನ ನೀರು ಹಗಲಿನಲ್ಲೂ ನಡೆಯುವುದಿಲ್ಲ. ಆದ್ದರಿಂದ ನಮ್ಮ ತಂಡ ಗೆಲ್ಲುವುದೋ ಸೋಲುವುದೋ ಎಂಬ ವಾದ ಕಡೆಗೆ ಬಂದು ನಿಲ್ಲುತ್ತಿದ್ದುದು ಧನಪಾಲ ಅಂದು ಯಾವಾಗ ಉಣ್ಣಬೇಕು ಎಂಬಲ್ಲಿ. ತುಂಬಿದ ಹೊಟ್ಟೆಯವನು ಜಿಗಿಯಲಾರನೆಂದು ಒಂದು ಪಕ್ಷ, ಖಾಲಿ ಹೊಟ್ಟೆಯವನಿಗೆ ಬಳೆ ಎರಡಾಗಿ ಕಾಣುವುದೆಂದು ಇನ್ನೊಂದು ಪಕ್ಷ. ಕಂಬಳಿ ಮಾರುವ ಹಾಲಸಿದ್ದಪ್ಪ ಮುಧೋಳದ ಬೇಟೆ ನಾಯಿಗಳನ್ನು ಹತ್ತಿರದಿಂದ ಕಂಡವನು, ಅವನ ಅಭಿಪ್ರಾಯವೇ ಬೇರೆ.

"ಬ್ಯಾಟಿ ದಿನ ಆ ನಾಯಿಗೋಳಿಗೆ ಏನೂ ಹಾಕಂಗಿಲ್ರಿ. ಹಸದಷ್ಟೂ ಓಟ ಜೋರ ಆಗತೈತಿ. ಧನಪಾಲಗೂ ಹಂಗ ಮಾಡಿ ನೋಡ್ರಿ," ಎಂದ.

ಅರಿಶಿನ ಆರಿಸುತ್ತ ಕುಳಿತಿದ್ದ ಬಾಳವ್ವ ತಲೆ ಎತ್ತದೆ ಹೇಳಿದಳು: "ನನ್ನ ಮಗ ನಾಯಿ ಅಲ್ಲೋ ಹಾಲಸಿದ್ದಪ್ಪಾ. ಅವಾ ಉಂಡು ಆಡ್ತಾನ, ಇಲ್ಲಾ ಆಡಿ ಉಣ್ತಾನ. ಹೊತ್ತು ಮುಳುಗೂದರೊಳಗ ಎರಡೂ ಆದ್ರ ಆತು."

ನಾಲ್ಕಕ್ಕೆ ಪಂದ್ಯವೆಂದು ತಾವು ಅಚ್ಚು ಹಾಕಿಸಿದ್ದಿರಲ್ಲ, ಆಡಿ ಉಂಡರೂ ಬೇಕಾದಷ್ಟು ಹೊತ್ತು ಇತ್ತು. ಆ ನಾಲ್ಕನ್ನು ನಂಬಿ ವಾದ ಮುಗಿಸಿದೆವು.

ಪಂದ್ಯದ ದಿನ ಹುಡುಗರು ಜಮಖಂಡಿಗೆಂದು ಹೊತ್ತು ಹುಟ್ಟುವ ಮೊದಲೇ ತೇರದಾಳ ಬಿಟ್ಟರು. ಆದ್ದರಿಂದ ಧನಪಾಲ ಏನೂ ತಿನ್ನದೆ ಬಂದಿದ್ದ. ಬನಹಟ್ಟಿಯವರನ್ನು ಗೆದ್ದು, ಮೈದಾನದ ಬೇವಿನ ಮರದ ನೆರಳಲ್ಲಿ ಕುಳಿತು ತಾಯಿಯ ದಾರಿ ನೋಡತೊಡಗಿದ. ಬಾಳವ್ವ ರೊಟ್ಟಿ, ಹೆಸರುಕಾಳಿನ ಪಲ್ಯ, ಹಿತ್ತಾಳೆ ತಂಬಿಗೆಯಲ್ಲಿ ಸೋಸಿದ ನೀರು ಕಟ್ಟಿಕೊಂಡು ಎತ್ತಿನ ಗಾಡಿಯಲ್ಲಿ ಜಮಖಂಡಿಯ ಹತ್ತಿರಕ್ಕೆ ಸಮಯಕ್ಕೆ ಸರಿಯಾಗಿಯೇ ಬಂದಿದ್ದಳು. ಆದರೆ ಮುಖ್ಯ ಅತಿಥಿಗಳ ಮೋಟಾರಿಗೆ ಧೂಳಾಗಬಾರದೆಂಬ ತಮ್ಮ ದೂರದೃಷ್ಟಿಯ ಫಲವಾಗಿ ಮೈದಾನದ ದಾರಿಗೆ ಹಗ್ಗ ಕಟ್ಟಲಾಗಿತ್ತು. ಗಾಡಿಯನ್ನೂ ಬಿಡಲಿಲ್ಲ, ನಡೆದು ಹೋಗುತ್ತೇನೆಂದವರನ್ನೂ ಬಿಡಲಿಲ್ಲ. ಮಗ ಹಸಿದಿದ್ದಾನೆಂದು ಬಾಳವ್ವ ಹೇಳಿದ್ದಕ್ಕೆ, ಹಗ್ಗದ ಬಳಿ ನಿಂತಿದ್ದ ಸ್ವಯಂಸೇವಕ, "ಸಾಹೇಬರೂ ಇನ್ನೂ ಉಂಡಿಲ್ಲವ್ವಾ, ಉಂಡ ಮ್ಯಾಲ ಹೊಂಡ್ತಾರ," ಎಂದನಂತೆ. ಊಟದ ನೆಪದ ಮಾತು ತಾವೇ ಎತ್ತಿದ್ದರಿಂದ ಇದನ್ನೂ ಸೇರಿಸಿದೆ, ಕ್ಷಮಿಸಬೇಕು.

ಅತಿಥಿಗಳು ಉಂಡು, ಮಲಗಿ, ಎದ್ದು ಬರುವಾಗ ನಾಲ್ಕು ಯಾವಾಗಲೋ ದಾಟಿತ್ತು. ಹಗ್ಗ ಬಿಚ್ಚಿದರು, ಜನ ನುಗ್ಗಿದರು, ಬಾಳವ್ವ ಗಾಡಿಸಮೇತ ಹೆಂಗಸರ ಪೆಂಡಾಲಿನ ಹಿಂದೆ ಬಂದು ಸಿಕ್ಕಿಕೊಂಡಳು. ಅಷ್ಟರಲ್ಲಿ ತಾವು ವೇದಿಕೆಗೆ ಬಂದು, ಭಾಷಣ ಮುಗಿಯುವವರೆಗೆ ಎರಡೂ ತಂಡದವರು ಮೈದಾನದ ನಡುವೆ ಸಾಲಾಗಿ, ಕೈ ಕಟ್ಟಿ ನಿಂತಿರಬೇಕೆಂದು ಅಪ್ಪಣೆ ಮಾಡಿದಿರಿ.

ಆ ಭಾಷಣವನ್ನು ನಾನು ಹೇಗೆ ಹೊಗಳಲಿ? ಚೆಂಡು ದುಂಡಗಿದೆ, ಭೂಮಿಯೂ ದುಂಡಗಿದೆ ಎಂಬಲ್ಲಿಂದ ಹೊರಟು ತಾವು ಗ್ರೀಸ್ ದೇಶಕ್ಕೆ ಹೋದಿರಿ, ಅಲ್ಲಿಂದ ಕುರುಕ್ಷೇತ್ರಕ್ಕೆ ಬಂದಿರಿ, ವ್ಯಾಯಾಮದ ಮಹತ್ವವನ್ನು ಕುರ್ಚಿಯಲ್ಲಿ ಕುಳಿತವರಿಗೂ ಅರ್ಥವಾಗುವಂತೆ ಬಿಡಿಸಿ ಹೇಳಿದಿರಿ, ಮುಗಿಸುತ್ತೇನೆಂದು ಹೇಳಿ ಜನರ ಮುಖದಲ್ಲಿ ಆಸೆ ಹುಟ್ಟಿಸಿ ಮತ್ತೆ ಮುಂದುವರಿಸಿದಿರಿ. ಸಮಯಪಾಲನೆಯ ಬಗ್ಗೆ ತಾವು ಮಾತನಾಡಿದ ಭಾಗವಂತೂ ಎಲ್ಲಕ್ಕಿಂತ ಉದ್ದವಾಗಿತ್ತು. ಸಾಲಿನಲ್ಲಿ ನಿಂತ ಧನಪಾಲ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತ ನಿಂತಿದ್ದ.

"ಇವರು ಭಾಷಣ ಮುಗಿಸೂದರೊಳಗ ನಮ್ಮವರ ಕಾಲ ಸೋಲ್ತಾವ," ಎಂದು ಕೃಷ್ಣಾಜಿ ಮಾಸ್ತರರು ನನ್ನ ಕಿವಿಯಲ್ಲಿ ಹೇಳಿದರು. ಮುಧೋಳದ ಅಭಿಮಾನಿಯೊಬ್ಬ ಹಿಂದಿನಿಂದ, "ನಮ್ಮವರವೂ ಕಾಲ ಅದಾವ್ರಿ," ಎಂದ. ಬೆಳಗಿನಿಂದ ಒಬ್ಬರ ಮುಖ ಒಬ್ಬರು ನೋಡದಿದ್ದ ಎರಡು ಊರಿನವರು ಮೊದಲ ಸಲ ಒಂದು ಮಾತಿಗೆ ಒಪ್ಪಿದ್ದು ತಮ್ಮ ದಯೆಯಿಂದ.

ಕಡೆಗೂ ಆಟ ಶುರುವಾಯಿತು. ಮೊದಲ ಅರ್ಧ ಹೇಗಾಯಿತೆಂದು ಬರೆಯುವುದಕ್ಕೆ ನನ್ನ ಲೇಖನಿಗೆ ಬಲವಿಲ್ಲ. ಮುಧೋಳದವರು ಬಳೆಯ ಕೆಳಗೆ ಗೋಡೆ ಕಟ್ಟಿದ ಹಾಗೆ ನಿಂತರು, ನಮ್ಮವನು ಗೋಡೆಯ ಮೇಲಿನಿಂದ ಒಗೆದ. ಅವರ ನಾಯಕ ಗಿರಿಮಲ್ಲಪ್ಪ ಒಬ್ಬನೇ ನಮ್ಮ ಮೂವರನ್ನು ದಾಟಿ ಹೋಗುತ್ತಿದ್ದ. ಸೀಟಿ ಊದಿದಾಗ ಮುಧೋಳ ಒಂದೇ ಒಂದು ಅಂಕ ಮುಂದಿತ್ತು.

ವಿಶ್ರಾಂತಿಯಲ್ಲಾದರೂ ಧನಪಾಲ ತಾಯಿಯ ಬಳಿ ಹೋಗಬಹುದಿತ್ತು. ಆಗ ತಾವು ಬೆಳಗಾವಿಯಿಂದ ಕರೆಸಿದ್ದ ಫೋಟೋದವನನ್ನು ಮುಂದೆ ಮಾಡಿದಿರಿ. ಆಟಗಾರರೆಲ್ಲ ಅತಿಥಿಗಳ ಕಾಲ ಬಳಿ ಕುಳಿತು, ಫೋಟೋದವನು ಕರಿಯ ಬಟ್ಟೆಯೊಳಗೆ ತಲೆ ಹಾಕಿ, ತಮ್ಮ ರುಮಾಲು ಸರಿಯಾಗುವವರೆಗೆ ಮತ್ತೆ ಮತ್ತೆ ತಲೆ ಹೊರಗೆ ತೆಗೆದು, ಅಂತೂ ಕೆಲಸ ಮುಗಿದಾಗ ಹೊತ್ತು ಪಡುವಣ ಗುಡ್ಡಕ್ಕೆ ತಾಗಿತ್ತು. ಎರಡನೆಯ ಅರ್ಧಕ್ಕೆ ಸೀಟಿಯಾಯಿತು. ಆಗ ಬಾಳವ್ವ ಬುತ್ತಿಯ ಗಂಟು ಹಿಡಿದು ಮೈದಾನದ ಗೆರೆಯ ಹತ್ತಿರ ಬಂದು ನಿಂತಳು. ಕೂಗಲಿಲ್ಲ, ಕರೆಯಲಿಲ್ಲ. ಧನಪಾಲ ಅವಳನ್ನು ನೋಡಿದ, ಗುಡ್ಡವನ್ನು ನೋಡಿದ, ಕಂಬದ ಮೇಲಿನ ಬಳೆಯನ್ನು ನೋಡಿದ. ನಂತರ ನಡೆದು ಬಂದ.

ಮಾನ್ಯರೇ, ಅಲ್ಲಿ ನಡೆದ ವಾದವನ್ನು ತಾವು ವೇದಿಕೆಯ ಮೇಲಿನಿಂದ ಕೇಳಿರಲಾರಿರಿ. ಕೃಷ್ಣಾಜಿ ಮಾಸ್ತರರು ಪಂಚೆ ಎತ್ತಿ ಕಟ್ಟಿ ಬಾಳವ್ವನ ಗಾಡಿಯ ಮೇಲೇರಿ ಪಡುವಣಕ್ಕೆ ಕಣ್ಣು ಹಾಯಿಸಿದರು.

"ಹೊತ್ತು ಇನ್ನೂ ಅದ ಬಾಳವ್ವಾ. ಗುಡ್ಡ ಅಡ್ಡ ಬಂದದ ಅಷ್ಟ. ಗುಡ್ಡದ ಹಿಂದ ನೋಡಿದ್ರ ಇನ್ನೂ ಬೇಕಾದಷ್ಟು ಹೊತ್ತದ. ಆಡಿ ಬಂದು ಉಂಡ್ರೂ ನಡೀತದ."

"ಗುಡ್ಡದ ಹಿಂದಿಂದು ನನಗ ಕಾಣೂದಿಲ್ರಿ ಮಾಸ್ತರ," ಎಂದಳು ಬಾಳವ್ವ. "ನನಗ ಕಾಣೂ ಹೊತ್ತು ಇನ್ನೊಂದೀಟ ಉಳದೈತಿ."

ಧನಪಾಲನ ತುಟಿ ಒಣಗಿ ಬಿಳಿಚಿತ್ತು. ಅವನು ನನ್ನ ಕಡೆ ತಿರುಗಿ, "ಕಾಕಾ, ಆಟ ಬಿಡಾಕ ಮನಸಿಲ್ಲ. ಉಣದ ಆಡಿದ್ರ ನಾಳಿ ಹೊತ್ತು ಹುಟ್ಟೂತನಕ ನೀರಿಲ್ಲ, ಕಾಲ ಆಗ್ಲೇ ನಡಗಾಕತ್ತಾವ. ನೀವ ಹೇಳ್ರಿ," ಎಂದ. ಒಂದು ತಿಂಗಳು ಕಟ್ಟೆಯ ಮೇಲೆ ಇದೇ ವಿಷಯದಲ್ಲಿ ಬಾಯಿ ನೋಯುವಂತೆ ಮಾತನಾಡಿದ ನಾನು ಆಗ ನನ್ನ ರುಮಾಲು ಬಿಚ್ಚಿ ಮತ್ತೆ ಸುತ್ತತೊಡಗಿದೆ. ಉಣ್ಣು ಎಂದರೆ ಊರಿನ ಆಸೆ ಹೋಗುತ್ತಿತ್ತು, ಆಡು ಎಂದರೆ ಅವನ ತಾಯಿಯ ಮುಖ ನೋಡುವುದು ನನ್ನಿಂದಾಗುತ್ತಿರಲಿಲ್ಲ. ಅಷ್ಟರಲ್ಲಿ ಅಂಪೈರರು ಬಂದು, ಆಟಗಾರ ಹೊರಗಿದ್ದರೆ ನಾಲ್ವರಿಂದಲೇ ಆಡಬೇಕಾಗುತ್ತದೆಂದು ಹೇಳಿದರು.

ಆಗ ಗಿರಿಮಲ್ಲಪ್ಪ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಬಂದ. ನಾಲ್ವರ ಎದುರು ಐವರು ಆಡಿದರೆ ಬಟ್ಟಲು ಅವನದೇ ಆಗಿತ್ತು. ಅವನು ಬುತ್ತಿಯನ್ನೂ ಧನಪಾಲನ ಮುಖವನ್ನೂ ನೋಡಿ ಅಂಪೈರರಿಗೆ ಹೇಳಿದ: "ಉಣ್ಲಿ ಬಿಡ್ರಿ. ಹಸದಾಂವನ ಸೋಲಿಸಿ ಬಂದೇನಿ ಅಂದ್ರ ನಮ್ಮವ್ವ ಮನಿಯಾಗ ಕರಕೊಳ್ಳಂಗಿಲ್ಲ."

ಹಾಗೆಂದು ಅಲ್ಲೇ ಮಣ್ಣಿನ ಮೇಲೆ ಕುಳಿತ. ಅವನ ತಂಡದವರೂ ಕುಳಿತರು. ಅವರನ್ನು ನೋಡಿ ನಮ್ಮವರೂ ಕುಳಿತರು. ಬಾಳವ್ವ ಗಂಟು ಬಿಚ್ಚಿದಳು.

ಇದನ್ನು ಕಂಡು ತಾವು ಮತ್ತೆ ವೇದಿಕೆಗೆ ಬಂದಿರಿ. ಊಟಕ್ಕಾಗಿ ಆಟ ನಿಲ್ಲಿಸಲು ನಿಯಮದಲ್ಲಿ ಅವಕಾಶವಿಲ್ಲವೆಂದು ಸಭೆಗೆ ತಿಳಿಸಬೇಕಿತ್ತು, ಒಂದೇ ವಾಕ್ಯದಲ್ಲಿ ತಿಳಿಸಬಹುದಿತ್ತು. ಆದರೆ ನಿಯಮವೆಂದರೇನು, ನಿಯಮವಿಲ್ಲದ ಸಮಾಜ ಏನಾಗುತ್ತದೆ, ರೋಮ್ ಏಕೆ ಬಿದ್ದಿತು ಎಂಬುದನ್ನೆಲ್ಲ ತಾವು ವಿವರಿಸತೊಡಗಿದಿರಿ. ತಾವು ರೋಮಿನ ಹತ್ತಿರ ಬರುವಷ್ಟರಲ್ಲಿ ಧನಪಾಲ ಉಂಡು, ನೀರು ಕುಡಿದು, ಕೈ ತೊಳೆದು ಎದ್ದು ನಿಂತಿದ್ದ. ಆಮೇಲೆ ಹೊತ್ತು ಮುಳುಗಿತು. ಬೆಳಕು ಇನ್ನೂ ಇತ್ತು, ಹುಡುಗರು ತಯಾರಾಗಿ ನಿಂತಿದ್ದರು, ಅಂಪೈರರು ಸೀಟಿಯನ್ನು ಬಾಯಲ್ಲಿಟ್ಟುಕೊಂಡು ತಮ್ಮ ಕಡೆಗೇ ನೋಡುತ್ತಿದ್ದರು. ಆಟ ನಿಲ್ಲಕೂಡದೆಂದು ತಾವು ಸಾರಿ ಮುಗಿಸುವವರೆಗೆ ಆಟ ನಿಂತೇ ಇತ್ತು. ಮುಗಿಸಿದಾಗ ಕಂಬ ಕಾಣುತ್ತಿತ್ತು, ಬಳೆ ಕಾಣುತ್ತಿರಲಿಲ್ಲ. ತಾವು ಪಂದ್ಯ ರದ್ದಾಯಿತೆಂದು ಘೋಷಿಸಿ, ಬಟ್ಟಲನ್ನು ಶಾಲಿನಲ್ಲಿ ಸುತ್ತಿ, ಅತಿಥಿಗಳ ಮೋಟಾರಿನಲ್ಲಿ ಕುಳಿತು ಹೊರಟುಹೋದಿರಿ.

ಇನ್ನು ಮುಂದಿನದು ತಮಗೆ ತಿಳಿಯದ ಸಂಗತಿ. ತಮ್ಮ ಹೇಳಿಕೆ ಪತ್ರಿಕೆಯಲ್ಲಿ ಬಂದ ಎರಡನೆಯ ದಿನ ಗಿರಿಮಲ್ಲಪ್ಪ ತೇರದಾಳಕ್ಕೆ ಬಂದ. ಉಳಿದ ಅರ್ಧ ಆಟ ಮುಗಿಸೋಣವೆಂದ. ಜಮಖಂಡಿಯ ಮೈದಾನ ತಮ್ಮ ಬೀಗದಲ್ಲಿದ್ದುದರಿಂದ, ಬನಹಟ್ಟಿಯವರು ನೂಲು ಒಣಗಿಸುವ ಬಯಲನ್ನು ತೆರವು ಮಾಡಿಕೊಟ್ಟರು. ಅಲ್ಲಿಯ ಕಮ್ಮಾರ ಗಾಡಿಯ ಚಕ್ರದ ಹಳೆಯ ಕಬ್ಬಿಣದ ಪಟ್ಟಿ ಬಗ್ಗಿಸಿ ಎರಡು ಬಳೆ ಮಾಡಿದ. ಮೊನ್ನೆ ಆದಿತ್ಯವಾರ ಮುಂಜಾನೆ, ಎಲ್ಲರೂ ಹೊಟ್ಟೆ ತುಂಬ ತಿಂದು ಬಂದ ಮೇಲೆ, ಮಗ್ಗ ನಿಲ್ಲಿಸಿ ಬಂದ ನೇಕಾರರ ನಡುವೆ ಎರಡೂ ತಂಡ ನಿಂತವು. ಕುರ್ಚಿ ಇರಲಿಲ್ಲ, ಅದರಿಂದಾಗಿ ಅತಿಥಿಗಳೂ ಇರಲಿಲ್ಲ.

ಕೃಷ್ಣಾಜಿ ಮಾಸ್ತರರು ಆಟವನ್ನು ಹೊಸದಾಗಿ ಶುರು ಮಾಡಬೇಕೆಂದು ವಾದಿಸಿದರು. ಗಿರಿಮಲ್ಲಪ್ಪ ಒಪ್ಪಿದ. ಒಪ್ಪದವನು ಧನಪಾಲ.

"ನೀವು ಒಂದು ಮುಂದ ಇದ್ರಿ. ಮುಂದನ ಇರ್ರಿ," ಎಂದ.

ನಮ್ಮ ಕಡೆಯವರೆಲ್ಲ ಅವನನ್ನು ಸುಡುವ ಹಾಗೆ ನೋಡಿದೆವು. ಅವನು ಹಟ ಬಿಡಲಿಲ್ಲ.

ಆಡಿದರು. ನಮ್ಮವರು ಹಾಕಿದಷ್ಟು ಅವರೂ ಹಾಕಿದರು, ಅವರು ಹಾಕಿದಷ್ಟು ನಮ್ಮವರೂ ಹಾಕಿದರು. ಕಡೆಯಲ್ಲಿ ಧನಪಾಲ ದೂರದಿಂದ ಒಗೆದ ಚೆಂಡು ಕಮ್ಮಾರನ ಬಳೆಯ ಅಂಚಿನ ಮೇಲೆ ಸುತ್ತಿ ಸುತ್ತಿ ಹೊರಗೆ ಬಿತ್ತು. ಸೀಟಿಯಾಯಿತು. ಆ ಅರ್ಧದಲ್ಲಿ ಇಬ್ಬರೂ ಸಮ. ಹಿಂದಿನ ಆ ಒಂದು ಅಂಕದಿಂದ ಮುಧೋಳ ಗೆದ್ದಿತು.

ಧನಪಾಲ ಕಂಬದ ಬುಡದಲ್ಲಿ ತಲೆ ತಗ್ಗಿಸಿ ಕುಳಿತ. ಯಾರೂ ಹತ್ತಿರ ಹೋಗಲಿಲ್ಲ. ಕೃಷ್ಣಾಜಿ ಮಾಸ್ತರರಿಗೆ ಮಾತ್ರ ತಡೆಯಲಿಲ್ಲ. "ಹೊಸದಾಗಿ ಸುರು ಮಾಡಿದ್ರ ಸಮ ಆಗತಿತ್ತಲ್ಲೋ," ಎಂದರು.

"ಸಮ ಆಗಿದ್ರ ಮತ್ತ ಒಮ್ಮೆ ಆಡಬೇಕಾಗತಿತ್ರಿ ಮಾಸ್ತರ. ಹೊಲದಾಗ ಕೆಲಸ ಬಿದ್ದೈತಿ," ಎಂದು ಅವನು ಎದ್ದ. ಕಣ್ಣು ಕೆಂಪಾಗಿದ್ದವು, ಆದರೂ ನಗುತ್ತಿದ್ದ. ಗಿರಿಮಲ್ಲಪ್ಪ ಅವನ ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋದ. ಬಾಳವ್ವ ಎರಡೂ ತಂಡದವರನ್ನು ಒಂದೇ ಸಾಲಿನಲ್ಲಿ ಕೂಡಿಸಿ ಉಣಬಡಿಸಿದಳು.

ಆದ್ದರಿಂದ, ಮಾನ್ಯರೇ, ಈ ಪತ್ರದ ಮೂಲಕ ನಾನು ಬೇಡುವುದೇನೆಂದರೆ, ಬೆಳ್ಳಿ ಬಟ್ಟಲನ್ನು ದಯವಿಟ್ಟು ಮುಧೋಳದವರಿಗೆ ಕಳುಹಿಸಿಕೊಡಬೇಕು. ಹೌದು, ಮುಧೋಳದವರಿಗೇ. ನನ್ನ ಊರಿಗೆ ಕೊಡಿ ಎಂದು ಬರೆಯುವ ಆಸೆಯಿಂದ ಕಾಗದ ಕೊಂಡವನು ನಾನು, ಈಗ ಇದನ್ನು ಬರೆಯುತ್ತಿದ್ದೇನೆ. ಬರೆಯುವಾಗ ಕೈ ಸ್ವಲ್ಪ ಭಾರವಾಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಬಟ್ಟಲನ್ನು ಬಿಟ್ಟಿರಲು ತಮಗೆ ತೀರಾ ಕಷ್ಟವಾದರೆ, ತಾವೇ ಐದು ಜನ ವಾಗ್ಮಿಗಳ ತಂಡ ಕಟ್ಟಿ ಬನಹಟ್ಟಿಯ ಬಯಲಿಗೆ ಬರಬೇಕು. ಬಳೆ ತಮಗೆ ಎತ್ತರವಾದರೆ ಕಮ್ಮಾರ ಇಳಿಸಿಕೊಡುತ್ತಾನಂತೆ. ಮುಂದಿನ ವರ್ಷ ತಮ್ಮ ಮಾತು ಮುಗಿಯುವವರೆಗೆ ಹೊತ್ತು ಮುಳುಗದಂತೆ ಸಮಿತಿಯು ಒಂದು ಠರಾವು ಮಾಡಬೇಕು. ಹೊತ್ತು ಠರಾವಿಗೆ ಬಗ್ಗದಿದ್ದರೆ ಆ ಪಡುವಣ ಗುಡ್ಡವನ್ನಾದರೂ ತೆಗೆಸಿಕೊಡಬೇಕು, ಕೃಷ್ಣಾಜಿ ಮಾಸ್ತರರು ಅದರ ಹಿಂದೆ ಬೇಕಾದಷ್ಟು ಹಗಲಿದೆಯೆಂದು ಇಂದಿಗೂ ಸಾಧಿಸುತ್ತಿದ್ದಾರೆ. ಇವಾವುವೂ ಆಗದಿದ್ದರೆ, ಮೊದಲು ಆಟ ಆಡಿಸಿ ಭಾಷಣವನ್ನು ಆಮೇಲೆ ಇಟ್ಟುಕೊಳ್ಳಬೇಕು. ಆಗ ಮನೆಗೆ ಹೋಗಬೇಕೆನ್ನುವವರು ಹೋಗುತ್ತಾರೆ, ತಮಗೆ ತಡೆಯಿಲ್ಲದ ಮೈದಾನ ಸಿಗುತ್ತದೆ.

ತಮ್ಮ ಆಯುಷ್ಯ ತಮ್ಮ ವಾಕ್ಯಗಳಷ್ಟೇ ದೀರ್ಘವಾಗಲೆಂದು ಬೇಡುತ್ತ, ಬಟ್ಟಲು ಮುಧೋಳ ಸೇರುವವರೆಗೂ, ಸೇರಿದ ಮೇಲೆ ಇನ್ನಷ್ಟು ನಿಜವಾಗಿಯೂ,

ತಮ್ಮ ವಿಶ್ವಾಸಿ,
ಆದಪ್ಪ

ತಾ.ಕ.: ಬನಹಟ್ಟಿಯ ಬಯಲಿನಲ್ಲಿ ಮೊನ್ನೆ ಮುಂಜಾನೆ ತಮ್ಮ ಶ್ರೀಮತಿಯವರಾದ ಸುಹಾಸಿನಿಬಾಯಿಯವರೂ ಬಂದಿದ್ದರು. ಆ ಊರಿನಲ್ಲಿರುವ ತಂಗಿಯ ಮನೆಗೆ ಬಂದವರು ಆಟವೆಂದು ಕೇಳಿ ಬಂದರಂತೆ. ಮೊದಲಿನಿಂದ ಕಡೆಯವರೆಗೆ ಬಾಳವ್ವನ ಪಕ್ಕದಲ್ಲಿ ಕುಳಿತು ನೋಡಿದರು. ಹೊರಡುವಾಗ ನನ್ನನ್ನು ಕರೆದು, "ನಮ್ಮವರಿಗೆ ಪತ್ರ ಬರೀತೀರಂತಲ್ರಿ. ನಾನೂ ಬಂದಿದ್ದೆ ಅಂತ ಅದರಾಗ ಬರೀರಿ. ಮನಿಯೊಳಗ ನಾನ ಹೇಳೋಣಂದ್ರ ನನಗ ಮಾತಿನ ಪಾಳಿ ಬರೂದಿಲ್ಲ," ಎಂದರು. ಅವರ ಮಾತಿನಂತೆ ಬರೆದಿದ್ದೇನೆ.